ಕಲೆ: ರಕ್ತವಿರಬಹುದು

ಶೆಫೀಲ್ಡಿನ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ
ಹಿಲ್ಡಾ ಆಕ್ಸ್ಲಿ ಕೈಗವಸು ತೊಟ್ಟು
ಹತ್ತಿಯ ಹಾಸಿನಿಂದ ಎತ್ತುತ್ತಾಳೆ
ಬೂಂದಿಯ ಕಠಾರಿ.
ಹಳೆಯ ಚೀಟಿ, ನೇರಳೆ ಶಾಯಿ, ೧೯೧೧:
"ಕಲೆ: ರಕ್ತವಿರಬಹುದು."

ಆ ಒಂದು 'ಬಹುದು' ನೂರು ವರ್ಷ ದುಡಿದಿದೆ.
ಶಾಲೆಯ ಮಕ್ಕಳು ಗಾಜಿಗೆ ಮೂಗೊತ್ತಿ
ಯಾರದು, ಯಾರದು ಎಂದು ಪಿಸುಗುಟ್ಟಿ
ಉಸಿರಿನ ಆವಿ ಬಿಟ್ಟು ಹೋಗಿದ್ದಾರೆ.
ಕಾವಲಿನ ಬಶಾರತ್, ಮೀರ್‌ಪುರದವನು,
ಇಪ್ಪತ್ತು ವರ್ಷದಿಂದ ಅದನ್ನು ಒರೆಸುತ್ತ
ಕೇಳಿದವರಿಗೆ ಒಂದೊಂದು ಕೊಲೆ ಹೇಳಿದ್ದಾನೆ.

ಹಿಡಿಯೊಳಗೆ ಕೈ ತೂರಿಸಿ ನೋಡಿದಳು.
ಮೂರು ಬೆರಳಿಗೆ ಜಾಗವಿತ್ತು. ಕಿರುಬೆರಳು
ಹೊರಗೇ ನಿಂತಿತು,
ಕರೆಯದ ಮದುವೆಗೆ ಬಂದವರ ಹಾಗೆ.

ದೀಪ ವಾಲಿಸಿದರೆ ಅಲಗಿನ ತುಂಬ ಅಲೆ,
ಕೊಡ ಹೊತ್ತವಳು ನಡೆವಾಗ ತುಳುಕುವ ನೀರಿನ ಗೆರೆ.
'ವೂಟ್ಸ್' ಅನ್ನುತ್ತಾಳೆ ಹಿಲ್ಡಾ, ತುಟಿ ಮುಂದೆ ಚಾಚಿ.
ಉಕ್ಕು ಎಂಬ ನಮ್ಮ ಮಾತು
ಯಾವ ಗುಮಾಸ್ತನ ಕಿವಿಯಲ್ಲಿ ಮುರಿದು
ಹೀಗಾಯಿತೋ. ಹಾಲಿಗೂ ಅದೇ ಮಾತೆಂದು
ಅವಳಿಗೆ ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಅವಳ ಅಜ್ಜ ಇದೇ ಊರಿನ ಸಾಣೆಗಾರ.
ಡಾನ್ ಹೊಳೆಯ ದಡದಲ್ಲಿ, ಕಲ್ಲುಚಕ್ರದ ಮೇಲೆ
ಬೆನ್ನು ಬಗ್ಗಿಸಿ ನಲವತ್ತು ವರ್ಷ;
ಕೆಮ್ಮಿದರೆ ಕರವಸ್ತ್ರ ಬೂದಿಬಣ್ಣ.
ಬೂಂದಿಯಲ್ಲೂ ಒಬ್ಬ ಕೆಮ್ಮಿರಬೇಕು.
ಅದಕ್ಕೆ ಚೀಟಿಯಿಲ್ಲ.

ಪರೀಕ್ಷೆಯ ವರದಿ ಸೋಮವಾರ ಬಂತು:
ರಕ್ತವಲ್ಲ. ಹುಳಿ. ಯಾವುದೋ ಹಣ್ಣಿನ ರಸ.
ಯಾರೋ ಊಟದ ಹೊತ್ತಿಗೆ, ಬೇರೆ ಚಾಕು ಕೈಗೆ ಸಿಗದೆ
ನಿಂಬೆ ಹೋಳು ಮಾಡಿದ್ದಾರೆ,
ಒರೆಸಲು ಮರೆತು ಒರೆಗೆ ಸೇರಿಸಿದ್ದಾರೆ.

"ಇದ್ದ ಹಾಗೇ ಇರಲಿ ಬಿಡಿ," ಅಂದರು ಮೇಲಿನವರು,
"ನಿಂಬೆಹಣ್ಣು ನೋಡಲು ಟಿಕೆಟ್ ಕೊಂಡು ಯಾರು ಬರುತ್ತಾರೆ?"
ಬಶಾರತ್ ತುಂಬ ಹೊತ್ತು ನಕ್ಕ.
ಆಮೇಲೆ ಕೇಳಿದ:
"ಉಪ್ಪಿನಕಾಯಿಗೋ, ದಾಲ್‌ಗೋ?"

ರಾತ್ರಿ ಮನೆಯಲ್ಲಿ ಅಜ್ಜನ ಚಾಕುವಿನಿಂದ
ಚಹಾಕ್ಕೊಂದು ನಿಂಬೆ ಕೊಯ್ದಳು.
ಒರೆಸದೆ ಇಟ್ಟರೆ ಬೈಯುತ್ತಿದ್ದ ಆತ.
ಒರೆಸದೆ ಇಟ್ಟಳು.

ಬೆಳಗ್ಗೆ ಅಲಗಿನ ಮೇಲೆ
ಹೆಬ್ಬೆರಳಗಲ ಮೋಡ, ಕಪ್ಪು, ಅಂಚಿನಲ್ಲಿ ನೀಲಿ.
ಕಿಟಕಿಗೆ ಹಿಡಿದು ನೋಡುತ್ತ ನಿಂತವಳಿಗೆ
ಒಲೆಯ ಮೇಲಿಟ್ಟ ಹಾಲು
ಮರೆತೇ ಹೋಯಿತು.