ಒಂದೇ ಫ್ಯೂಸು

ಕೆಂಡಲ್ ಊರಿನ ಈ ಹಳೇ ಚರ್ಚ್ ಹಾಲ್‌ನಲ್ಲಿ
ರಂಗದ ದೀಪಕ್ಕೂ ಚಹಾದ ಹಂಡೆಗೂ ಒಂದೇ ಫ್ಯೂಸು.
ಎರಡೂ ಒಟ್ಟಿಗೆ ಉರಿದರೆ ಎಲ್ಲರಿಗೂ ಕತ್ತಲೆ,
ನಾಟಕದಲ್ಲಿ ಬರೆದಿರದ ಕತ್ತಲೆ.

ಹಾಗಾಗಿ ನನ್ನ ಕೆಲಸ ಇಷ್ಟು:
ಮೂರನೇ ದೃಶ್ಯ ಮುಗಿದು ದೀಪ ಆರಿದೊಡನೆ
ಬಾಗಿಲ ಸಂದಿಯಲ್ಲಿ ನಿಂತು ಎನಿಡ್‌ಗೆ ಸನ್ನೆ.
ಕತ್ತಲಲ್ಲಿ ಕೈ ಕಾಣದು, ಅದಕ್ಕೇ
ಒಂದು ಕೆಮ್ಮು.
ಆಕೆ ಹಂಡೆಯ ಗುಂಡಿ ಒತ್ತುತ್ತಾಳೆ.
ಸೋಫಾದ ಒಂದು ತುದಿ ನನಗೆ, ಇನ್ನೊಂದು ಅಂಚೆ ಕಚೇರಿಯ ರೂಪರ್ಟ್‌ಗೆ.
ನೆಲದಲ್ಲಿ ಮಿಣುಕುವ ಪಟ್ಟಿ.
ಒಂದು, ಎರಡು, ಮೂರು, ಕನ್ನಡದಲ್ಲೇ ಎಣಿಸುತ್ತೇನೆ;
ಹನ್ನೊಂದಕ್ಕೆ ಅದು ಮಲಗುವ ಕೋಣೆ ಆಗಿರಬೇಕು.

ಆಮೇಲೆ ರಾತ್ರಿಯ ದೃಶ್ಯ. ಒಂದೇ ಒಂದು ನೀಲಿ ದೀಪ.
ಆ ಒಂಬತ್ತು ನಿಮಿಷ ಮಾತ್ರ ನೀರು ಕಾಯಬಹುದು.
ವಿಲ್ಫ್ ಮಾತು ಮರೆತು ಒಂದು ಪುಟ ಹಾರಿಸಿದರೆ
(ಗುರುವಾರ ಹಾರಿಸಿದ)
ಎಂಬತ್ತು ಜನಕ್ಕೆ ಉಗುರುಬೆಚ್ಚಗಿನ ಚಹಾ,
ಶೌಚಾಲಯದ ಸಾಲಿನುದ್ದಕ್ಕೂ ಗೊಣಗು.

ನಿನ್ನೆ ಕೊನೆಯ ಆಟ.
ಸತ್ತ ಹೆಂಡತಿಯ ಕೋಟು ಮಡಚುವ ಜಾಗದಲ್ಲಿ
ವಿಲ್ಫ್ ನಿಂತುಬಿಟ್ಟ. ಮರೆತನೋ ಏನೋ.
ಮಾತು ಎತ್ತಿಕೊಡಲು ಬಾಯಿ ತೆರೆದೆ;
ಅವನ ಬೆರಳು ಕೋಟಿನ ಗುಂಡಿ ಹಾಕುತ್ತಿತ್ತು, ಬಿಚ್ಚುತ್ತಿತ್ತು,
ಮತ್ತೆ ಹಾಕುತ್ತಿತ್ತು.
ಪುಸ್ತಕ ಮುಚ್ಚಿದೆ.
ಕುರ್ಚಿಗಳಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾನೂ.
ಬಾಗಿಲಾಚೆ ಹಂಡೆಯ ನೀರು
ಸಣ್ಣಗೆ ಗುಂಯ್‌ಗುಡತೊಡಗಿತ್ತು.

ವಿರಾಮದಲ್ಲಿ ಎನಿಡ್ ಮೊದಲ ಲೋಟ ನನಗೇ ಕೊಟ್ಟಳು.
"ನೋಡಿಕೊಂಡು ಕುಡಿ," ಅಂದಳು,
"ಇವತ್ತು ನಾಲಿಗೆ ಸುಡುತ್ತೆ."