ಕ್ರಮ ಸಂಖ್ಯೆ ಹನ್ನೊಂದು

ನನ್ನ ಹೆಸರನ್ನು ಅಷ್ಟು ಪ್ರೀತಿಯಿಂದ
ಅದುವರೆಗೆ ಯಾರೂ ಕರೆದಿರಲಿಲ್ಲ.
ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ
ಕರವಸ್ತ್ರ ಮೂಗಿಗೊತ್ತಿ ನಿಂತು ದುಗ್ಗೇಶಿ ಕೇಳಿದ:
‘ಕೊಟ್ರಬಸಪ್ಪ ಅಂದ್ರೆ ನೀನೇ ಏನಪ್ಪಾ?
ಆಧಾರಿನಾಗೂ ಹಂಗೇ ಐತಾ?’

ಐತಿ ಅಂದೆ.
ಮರಳು ಕಾದಿತ್ತು. ಉಪ್ಪುನೀರು ಕುಡಿದ ಅಕ್ಕಿ
ಸುರಿಯುವ ಹೊತ್ತು. ಹೆಚ್ಚು ಮಾತಾಡಲಾಗಲಿಲ್ಲ.

ಅಕ್ಕಿ ಗಿರಣಿಯ ಕೊಟ್ರಬಸಪ್ಪನವರು
ನಿಂತಿದ್ದರು ಎಲೆಕ್ಷನ್ನಿಗೆ.
ಅದೇ ಪಟ್ಟಿಯಲ್ಲಿ ನನ್ನ ಹೆಸರೂ ಇಟ್ಟರೆ
ಕಣ್ಣು ಮಂಜಾದ ಮುದುಕಿಯರ ಬೆರಳು
ಸಾವಿರಕ್ಕೆ ಹತ್ತಾದರೂ ಜಾರುತ್ತದಂತೆ.
ಜಾರುವ ಬೆರಳಿಗೆ ನಾನು ಬಚ್ಚಲಗಲ್ಲು.

ಠೇವಣಿ ಅವರೇ ಕಟ್ಟಿದರು,
ಹತ್ತು ಸೂಚಕರ ಸಹಿಯನ್ನೂ ಅವರೇ ತಂದರು.
ಸ್ಟುಡಿಯೊದವನು ಗೂಟದ ಮೇಲಿದ್ದ ಕೋಟು ತೊಡಿಸಿ
ಸಡಿಲಾದದ್ದಕ್ಕೆ ಬೆನ್ನ ಹಿಂದೆ ಪಿನ್ನು ಚುಚ್ಚಿದ.
ಅಫಿಡವಿಟ್ಟಿನ ಗುಮಾಸ್ತ ಕೇಳುತ್ತ ಹೋದ:
ಹೊಲ? ಇಲ್ಲ. ಮನೆ? ಬಾಡಿಗೆ.
ಬಂಗಾರ? ಹೆಂಡತಿಯ ಕಿವಿಯಲ್ಲಿತ್ತು,
ಈಗ ಬ್ಯಾಂಕಿನ ಕಪಾಟಿನಲ್ಲಿದೆ.
ಕೇಸು?
ಒಂದೂ ಇಲ್ಲ ಅಂದಾಗ ತಲೆಯೆತ್ತಿ ನೋಡಿದ,
ಏನೋ ಕೊರತೆ ಕಂಡವನ ಹಾಗೆ.

ಚಿಹ್ನೆ ಕರೆಗಂಟೆ.
‘ನಮ್ಮನಿಗೆ ಬಾಗ್ಲೇ ನೆಟ್ಟಗಿಲ್ಲ’ ಎಂದು
ಕಲ್ಲವ್ವ ನಕ್ಕಳು, ನಕ್ಕೂ ನಕ್ಕೂ ಕೆಮ್ಮಿದಳು.

ಪ್ರಚಾರ ಮಾಡಕೂಡದು, ಅದು ಕರಾರು.
ಒಂದು ಸಂಜೆ ಅಶೋಕ ಟಾಕೀಸ್ ಗೇಟಿನಲ್ಲಿ
ಸೈಕಲ್ ಹಿಡಿದು ನಿಂತಿದ್ದೆ, ರೈಲು ದಾಟಲಿ ಅಂತ.
ಪಕ್ಕದಲ್ಲೇ ಅವರ ತೆರೆದ ಜೀಪು, ಕೊರಳಲ್ಲಿ ಸೇಬಿನ ಹಾರ.
ಕೈಮುಗಿದರು, ಎಲ್ಲರಿಗೂ ಮುಗಿದಂತೆ ನನಗೂ.
ನಾನೂ ಮುಗಿದೆ.
ಗೂಡ್ಸ್ ಗಾಡಿ. ಐವತ್ತೆಂಟು ಡಬ್ಬಿ ಎಣಿಸಿದೆ.
ಅಷ್ಟು ಹೊತ್ತು ಇಬ್ಬರು ಕೊಟ್ರಬಸಪ್ಪಂದಿರು
ಒಂದೇ ಗೇಟಿನ ಹಿಂದೆ ಕಾದೆವು.

ಮತದಾನದ ದಿನ, ಉರ್ದು ಶಾಲೆಯ ಕೋಣೆ.
ಯಂತ್ರದ ಮೇಲೆ ನನ್ನ ಮುಖ ಕಂಡೆ, ಕೋಟಿನ ಸಮೇತ.
ಯಾರೋ ಮೇಷ್ಟ್ರ ಹಾಗಿದ್ದ.
ಕೇಳಿದ್ದರೆ ಏನಾದರೂ ಮಾಡಿಕೊಡುತ್ತಿದ್ದನೋ ಏನೋ,
ಭಟ್ಟಿಗಳಿಗೆ ಎತ್ತರದ ಹೊಗೆಗೂಡು,
ನಸುಕಿನ ಪಾಳಿಯ ಹೆಂಗಸರಿಗೊಂದು ಪಾಯಿಖಾನೆ.
ಗುಂಡಿ ಒತ್ತಿದೆ.
ಉದ್ದಕ್ಕೆ ಕೂಗಿತು.

ತೋಳಹುಣಸೆಯಲ್ಲಿ ಎಣಿಸಿದರು.
ಅವರು ಸೋತದ್ದು ಸಾವಿರದ ಆರುನೂರ ನಲವತ್ತು ಓಟಿಗೆ.
ನನಗೆ ಬಿದ್ದದ್ದು ಸಾವಿರದ ಒಂಬೈನೂರ ಏಳು.
ದುಗ್ಗೇಶಿಯ ಕಡೆಯವರು ಪಟಾಕಿ ಹಚ್ಚಿದರು.
ನನ್ನ ಕೂಲಿ ಕವರಿನಲ್ಲಿ ಬಂತು,
ಹೇಳಿದ್ದಕ್ಕಿಂತ ಐನೂರು ಕಡಿಮೆ.

ಬೆರಳುಗಳು ಜಾರಿದವು, ಸರಿ.
ಆದರೆ ನಮ್ಮ ಓಣಿಯ ಬೂತಿನಲ್ಲಿ
ನನ್ನ ಹೆಸರಿನ ಮುಂದೆ ಮೂರು ಅಂತ ಬರೆದಿತ್ತು.
ಇಲ್ಲಿ ಎಲ್ಲರೂ ನನ್ನನ್ನು ಬಲ್ಲರು,
ಇಲ್ಲಿ ಯಾರ ಬೆರಳೂ ತಪ್ಪುವುದಿಲ್ಲ.
ಒಂದು ನನ್ನದು.
ಕಲ್ಲವ್ವನನ್ನು ಕೇಳಿದೆ.
‘ನಾ ಗಿರಣಿಯೋರಿಗೆ ಒತ್ತಿದೆ.
ನೀ ಗೆದ್ದು ಏನ್ ಮಾಡಾವ ಇದ್ದಿ?’

ಉಳಿದೆರಡು?
ಜರಡಿ ಆಡಿಸುವಾಗ ಒಂದೊಂದೇ ಮುಖ ನೋಡುತ್ತೇನೆ.
ಸೌದೆ ತುಂಬುವ ಚಮನ್‌ಬಿ?
ಚೀಲ ಹೊಲಿಯುವ, ನನ್ನ ಹತ್ತಿರ ಮಾತೇ ಬಿಟ್ಟಿರುವ ಇಮಾಮು?
ಕೇಳಲಾರೆ.
ಕೇಳಿದರೆ ಎಲ್ಲರೂ ‘ನಂದೇ’ ಅಂದಾರು,
ಆಗ ಆ ಎರಡೂ ಹೋದವು.

ಕವರಿನ ದುಡ್ಡಿನಲ್ಲಿ
ಒಂದು ಕರೆಗಂಟೆ ತಂದು ಹಾಕಿಸಿದೆ.
ಓಣಿಯ ಹುಡುಗರು ಒತ್ತಿ ಓಡಿಹೋಗುತ್ತವೆ,
ದಿನಕ್ಕೆ ಹತ್ತು ಸಲ.
ತಂತಿ ಕಿತ್ತು ಒಗಿ ಅನ್ನುತ್ತಾಳೆ ಕಲ್ಲವ್ವ.

ನಾನು ಪ್ರತಿ ಸಲ ಎದ್ದು ಹೋಗಿ
ಬಾಗಿಲು ತೆಗೆದು ನೋಡುತ್ತೇನೆ.