ಹನಕೆರೆಯ ಹಕಾರ

ತರಬೇತಿಯಲ್ಲಿ ಹೇಳಿಕೊಟ್ಟರು, ಮಂಡ್ಯದ ಸೆಕೆಯ ಕೋಣೆಯಲ್ಲಿ:
ಮೊದಲು ಕಿವಿ, ಆಮೇಲೆ ಕಣ್ಣು.
ಅಕ್ಷರ ಈಗಲೇ ತೋರಿಸಬೇಡಿ.
ದನಿ ಬಿಡಿಸಿ, ಅವರೆಕಾಯಿ ಸುಲಿದಂತೆ,
ಒಂದೊಂದೇ ಕಾಳು.
ಕೊನೆಗೆ (ಇದು ಕಷ್ಟ, ಅವಸರ ಬೇಡ)
ಮೊದಲ ದನಿ ತೆಗೆದು ಉಳಿದದ್ದು ಹೇಳಿಸಿ.

ಸೋಮವಾರ. ಜಮಖಾನದ ಮೇಲೆ ಇಪ್ಪತ್ತೊಂದು ಮಕ್ಕಳು.
'ಬಸ್' ಅಂದೆ, ಒಂದು ಚಪ್ಪಾಳೆ ತಟ್ಟಿದೆ.
ಅವರು ಎರಡು ತಟ್ಟಿದರು: ಬಸ್, ಸು.
ಇನ್ನೊಮ್ಮೆ ಅಂದೆ. ಇನ್ನೊಮ್ಮೆ ಎರಡು.
ನಿಂಗರಾಜು ಎದ್ದು ನನ್ನನ್ನೇ ತಿದ್ದಿದ:
'ಸು ಬುಟ್ಬುಟ್ರಿ ಮಿಸ್ಸೇ.'
ಬಿಟ್ಟಿದ್ದೆ, ಹೌದು.
ನಮ್ಮ ಪದಕ್ಕೆ ಕೊನೆಯಲ್ಲೊಂದು ಜಗಲಿ ಬೇಕು,
ಕೂತು ಕಾಲು ಚಾಚಲು.
ಕಪ್ ನಮ್ಮಲ್ಲಿ ಕಪ್ಪು,
ಬಿಳಿಯದಾದರೂ ಕಪ್ಪೇ.

ಪ್ರಾಸಕ್ಕೆ ತಡವಾಗಲಿಲ್ಲ.
ಕ್ಯಾಟು, ಮ್ಯಾಟು, ಬ್ಯಾಟು,
'ಪ್ಯಾಟೆ!' ಅಂದಳು ಹಿಂದಿನಿಂದ ಒಬ್ಬಳು,
'ನಮ್ತಾತ ವೋಯ್ತದಲ್ಲ, ಆ ಪ್ಯಾಟೆ.'
ತಪ್ಪು ಎನ್ನಲು ಬಾಯಿ ಬರಲಿಲ್ಲ,
ಕಿವಿ ಸರಿಯಾಗೇ ಕೇಳಿತ್ತು.

ಗುರುವಾರ, ಆ ಕಷ್ಟದ ಆಟ.
'ಹೆನ್ ಅನ್ನು, ಹಂಸಿಕಾ.'
'ಎನ್ನು.'
'ಅದರಲ್ಲಿ ಹ್ ತೆಗೆದರೆ?'
ನನ್ನ ಮುಖ ನೋಡಿದಳು,
ಗಂಜಿ ಬಸಿದಾದ ಮೇಲೆ
ಇನ್ನೊಮ್ಮೆ ಬಸಿ ಎಂದವರನ್ನು ನೋಡುವಂತೆ.
'ಎನ್ನು.'

ಪುಸ್ತಕದ ಕಟ್ಟಕಡೆಯ ಪಾಠ
ನಮ್ಮೂರು ತೊಟ್ಟಿಲಲ್ಲೇ ಕಲಿತಿದೆ.
ಹಕ್ಕಿಯಿಂದ ಹ್ ತೆಗೆದು ಅಕ್ಕಿ ಮಾಡಿದ್ದೇವೆ,
ಹಾಡನ್ನು ಆಡು.
ಎಣಿಸುತ್ತ ಎಣಿಸುತ್ತ ಒಂಬತ್ತಾದ ಮೇಲೆ
ಅತ್ತು.
ಹನಕೆರೆ ಎಂಬುದು ರೈಲ್ವೆ ಬೋರ್ಡಿಗೆ ಮಾತ್ರ,
ಕಂಡಕ್ಟರ್ ಕೂಗುವುದು ಅನಕೆರೆ.

ಇದರಲ್ಲಿ ನಗು ಕಾಣಲು ನನಗೆ ವರ್ಷಗಳು ಬೇಕಾದವು.
ಮೈಸೂರಿನ ಹಾಸ್ಟೆಲಿನಲ್ಲಿ 'ಆಲು ಐತಾ' ಎಂದದ್ದಕ್ಕೆ
ಆಲೂಗಡ್ಡೆ ತಂದಿಟ್ಟಿದ್ದರು, ತಟ್ಟೆಯಲ್ಲಿ, ಗುಂಪಾಗಿ ಬಂದು.
ಆ ರಾತ್ರಿ ಹೊದಿಕೆಯೊಳಗೆ ಹಾಲು, ಹಾಲು, ಹಾಲು,
ಗಂಟಲು ಒಣಗುವ ತನಕ.
ಭಾನುವಾರ ಫೋನಿನಲ್ಲಿ ಅಮ್ಮನನ್ನೂ
'ಹಮ್ಮ' ಎಂದುಬಿಟ್ಟೆ.
ಆ ಕಡೆ ಅವಳು, 'ಯಾರವ್ವ ನೀನು?'

ಶಾಲೆಯಲ್ಲಿ ಹಾಲಿನ ಹೊತ್ತು.
ಕುಡಿದಿಟ್ಟ ಸ್ಟೀಲಿನ ಲೋಟ ತಣ್ಣೀರಲ್ಲಿ ತೊಳೆದು, ಒರೆಸಿ,
ಅವಳ ಬಾಯಿಗೆ ಹತ್ತಿರ ಹಿಡಿದೆ. 'ಎನ್' ಅನ್ನು.
ಲೋಟ ಹೊಳೆಯುತ್ತಲೇ ಇತ್ತು.
ನಾನು 'ಹೆನ್' ಎಂದೆ:
ಕಾಸಿನಗಲ ಮಂಜು ಬಂತು, ಹೋಯಿತು.
ಲೋಟ ಕಿತ್ತುಕೊಂಡಳು.
ಚಳಿಗೆ ಅಂಗೈ ಕಾಯಿಸುವ ಹಾಗೆ
ಹ್.
ಬರೀ ಹ್. ಸ್ವರವಿಲ್ಲ, ಜಗಲಿಯಿಲ್ಲ.
ಒರೆಸಿ ಇನ್ನೊಮ್ಮೆ. ಒರೆಸಿ ಇನ್ನೊಮ್ಮೆ.
'ಇದು ಉಸ್ರು ಕಣ್ ಮಿಸ್ಸೇ, ಅಕ್ಸರ ಅಲ್ಲ!'
ಆಮೇಲೆ, ಮೆಲ್ಲಗೆ:
'ನನ್ ಎಸ್ರಲ್ಲೂ ಐತಾ?'
ಐತೆ ಅಂದೆ,
ಎಲ್ಲಕ್ಕಿಂತ ಮುಂದೆ.

ಆ ಮಧ್ಯಾಹ್ನ ಇಪ್ಪತ್ತೊಂದು ಲೋಟ ಮಸುಕಾದವು.
ಅಡುಗೆಯ ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತು ಬೈದರು,
'ಬೆಳಗಿದ್ ಲೋಟಕ್ಕೆಲ್ಲಾ ಎಂಜ್ಲು ಊದ್ತಾವಲ್ಲ!'
ನಾಳೆಗೆ ಕ್ಯಾಟು ಕ್ಯಾಟಾಗುತ್ತದೋ ಇಲ್ಲವೋ,
ನಾನು ದಿನಚರಿಯಲ್ಲಿ ಏನೂ ಬರೆಯಲಿಲ್ಲ.

ನಾಲ್ಕು ಗಂಟೆಗೆ ಗೇಟಿನಾಚೆ ಅವಳಜ್ಜಿ:
'ಅಂಸೀ, ಬಾರವ್ವ.'
ಅವಳು ತಿದ್ದಲಿಲ್ಲ.
ಒಂದು ಗಳಿಗೆ ನಿಂತು, ಅಂಗೈಗೆ ಹ್ ಎಂದು,
ಮುಷ್ಟಿ ಮುಚ್ಚಿಕೊಂಡು
ಓಡಿದಳು.